ಮಳೆಯ ಹಾಡುಗಳ ಮಾಲೆ

ಗೆಳೆಯರಿಗಾಗಿ ಹಾಡುಗಳನ್ನು ಆರಿಸಿ ಕಳುಹಿಸುವ ಹವ್ಯಾಸ ಈಗ ಮನೆಮನೆಗೂ ಬಂದಿದೆ. ಹುಟ್ಟುಹಬ್ಬಕ್ಕೆಂದು ಹತ್ತು ಹಾಡು, ದೀಪಾವಳಿಗೆಂದು ಹತ್ತು ಹಾಡು, ದೂರದ ಊರಿಗೆ ಹೊರಟವರ ದಾರಿಯ ಬೇಸರ ಕಳೆಯಲೆಂದು ಇನ್ನಷ್ಟು. ಈ ಆಯ್ಕೆಯ ಕೆಲಸವನ್ನು ಬಹುಕಾಲ ನಮ್ಮ ಪರವಾಗಿ ಬಾನುಲಿಯೇ ಮಾಡುತ್ತ ಬಂದಿತು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದರು. ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿತು. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬರಬೇಕೆಂಬುದನ್ನು ನಿಲಯದಲ್ಲಿ ಕುಳಿತವರು ಯೋಚಿಸುತ್ತಿದ್ದರು. ಮನೆಯಲ್ಲಿ ಕುಳಿತವರು ಕೇಳುತ್ತಿದ್ದರು. ಇಂದೂ ಅದು ನಡೆದಿದೆ. ಆದರೆ ಮೊಬೈಲು ಕೈಗೆ ಬಂದ ಮೇಲೆ ಪ್ರತಿಯೊಂದು ಮನೆಯೂ ಒಂದು ಪುಟ್ಟ ನಿಲಯವಾಗಿದೆ. ಆದ್ದರಿಂದ ಆರಿಸುವುದು ಹೇಗೆ ಎಂಬ ಪ್ರಶ್ನೆ ಈಗ ನಿಮ್ಮದೂ ಹೌದು, ನನ್ನದೂ ಹೌದು.

ಇದೇನು ಮಹಾ ಪ್ರಶ್ನೆ, ಇಷ್ಟವಾದುದನ್ನು ಆರಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ನಮಗೆ ಇಷ್ಟವಾದ ಹಾಡುಗಳ ರಾಶಿ ಬೇರೆ; ಇನ್ನೊಬ್ಬರಿಗಾಗಿ ಕಟ್ಟಿದ ಮಾಲೆ ಬೇರೆ. ಹೂವಾಡಗಿತ್ತಿ ಬುಟ್ಟಿಯಲ್ಲಿ ಇರುವುದನ್ನೆಲ್ಲ ದಾರಕ್ಕೆ ಸೇರಿಸುವುದಿಲ್ಲ. ಮದುವೆಗೋ, ದೇವರಿಗೋ, ಮಗುವಿನ ಜಡೆಗೋ ಎಂದು ಮೊದಲು ವಿಚಾರಿಸುತ್ತಾಳೆ. ಆಮೇಲೆ ಕೈ ಹಾಕುತ್ತಾಳೆ.

ಕನ್ನಡದಲ್ಲಿ ಈ ಕೆಲಸ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸನು ‘ಸೂಕ್ತಿಸುಧಾರ್ಣವ’ ಎಂಬ ಸಂಕಲನವನ್ನು ಸಿದ್ಧಪಡಿಸಿದನು. ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನ ತಂದೆಯೇ ಈತ. ತನಗಿಂತ ಹಿಂದಿನ ಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಆಯ್ದು, ಕವಿಗಳ ಹೆಸರಿನ ಪ್ರಕಾರವಲ್ಲದೆ ವಿಷಯದ ಪ್ರಕಾರ ಜೋಡಿಸಿದನು. ಸಮುದ್ರದ್ದು ಒಂದೆಡೆ, ಪರ್ವತದ್ದು ಒಂದೆಡೆ, ಪಟ್ಟಣದ್ದು ಒಂದೆಡೆ, ಋತುಗಳದು ಇನ್ನೊಂದೆಡೆ. ಒಂದು ವಸ್ತುವನ್ನು ಹಿಡಿದು ಹಲವರ ಬಾಯಲ್ಲಿ ಅದನ್ನು ಕೇಳಿಸುವ ಈ ಪದ್ಧತಿ ಇಂದು ನೀವು ಮೊಬೈಲಿನಲ್ಲಿ ಮಾಡುವ ಕೆಲಸದ ಹಿರಿಯಜ್ಜನೇ ಸರಿ. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಂದನೆಯ ಗುಣವರ್ಮನ ‘ಶೂದ್ರಕ’ದಂಥ ಕಾವ್ಯಗಳು ಇಂದು ಇಡಿಯಾಗಿ ನಮಗೆ ದೊರೆತಿಲ್ಲ. ಅಂಥವುಗಳ ಕೆಲವು ಪದ್ಯಗಳು ಬದುಕಿ ಉಳಿದದ್ದು ಯಾರೋ ಒಬ್ಬರು ಸಂಕಲನಕ್ಕೆ ಆರಿಸಿಕೊಂಡ ಕಾರಣದಿಂದ. ಆಯ್ಕೆಯೆಂಬುದು ಬರಿಯ ವಿನೋದವಲ್ಲ ಎನ್ನಲು ಇಷ್ಟು ಸಾಕು.

ಈಗ ಒಂದು ವಸ್ತುವನ್ನು ಹಿಡಿದೇ ಮಾತನಾಡೋಣ. ಮಳೆಯನ್ನು ತೆಗೆದುಕೊಳ್ಳಿ. ಮಳೆಗಾಲದ ಸಂಜೆ ಗೆಳೆಯರ ಬಳಗಕ್ಕೆಲ್ಲ ಕಳುಹಿಸಲು ಹನ್ನೆರಡು ಹಾಡುಗಳ ಒಂದು ಮಾಲೆ ಬೇಕಾಗಿದೆ ಎಂದು ಭಾವಿಸಿ. ಎಲ್ಲಿಂದ ಆರಂಭಿಸುವಿರಿ?

ಮಳೆ ಎಂಬ ಶಬ್ದ ಬಂದ ಹಾಡುಗಳನ್ನೆಲ್ಲ ಗುಡ್ಡೆ ಹಾಕುವುದು ಸುಲಭ. ಯಂತ್ರವೇ ಆ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ಶಬ್ದ ಬಂದ ಮಾತ್ರಕ್ಕೆ ಅದು ಮಳೆಯ ಹಾಡಾಗುವುದಿಲ್ಲ. ನಮ್ಮ ಅಲಂಕಾರಶಾಸ್ತ್ರಜ್ಞರು ವಿಭಾವವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ: ಆಲಂಬನ, ಉದ್ದೀಪನ. ಭಾವವು ಯಾರನ್ನು, ಯಾವುದನ್ನು ಆಶ್ರಯಿಸಿ ನಿಲ್ಲುತ್ತದೆಯೋ ಅದು ಆಲಂಬನ. ಆ ಭಾವವನ್ನು ಕೆರಳಿಸುವ ಬೆಳದಿಂಗಳು, ತಂಗಾಳಿ, ಕೋಗಿಲೆಯ ಕೂಗು, ಇವು ಉದ್ದೀಪನ. ಸಿನಿಮಾದ ಪ್ರಣಯಗೀತೆಗಳಲ್ಲಿ ಮಳೆ ಸಾಮಾನ್ಯವಾಗಿ ಉದ್ದೀಪನ ಮಾತ್ರ. ನಾಯಕನ ಮನಸ್ಸೆಲ್ಲ ನಾಯಿಕೆಯ ಮೇಲೆ. ಮಳೆ ಅವರಿಬ್ಬರಿಗೂ ಹಿಡಿದ ಕೊಡೆ. ರೈತನ ಹಾಡಿನಲ್ಲಾದರೋ ಮಳೆಯೇ ಆಲಂಬನ. ಅವನು ಕರೆಯುವುದು ಮಳೆಯನ್ನು, ಮುನಿಯುವುದು ಮಳೆಯ ಮೇಲೆ, ಕಾಯುವುದೂ ಅದನ್ನೇ. ಸಂದೇಹ ಬಂದಾಗ ನೀವೇ ಪರೀಕ್ಷಿಸಿ ನೋಡಬಹುದು. ಹಾಡಿನಿಂದ ಮಳೆಯನ್ನು ತೆಗೆದು ಅಲ್ಲಿ ಬೆಳದಿಂಗಳನ್ನು ಇಡಿ. ಹಾಡು ಹಾಗೆಯೇ ನಿಂತರೆ ಮಳೆ ಅಲ್ಲಿ ಅತಿಥಿ. ಕುಸಿದುಬಿದ್ದರೆ ಮಳೆಯೇ ಮನೆಯ ಯಜಮಾನ. ಅತಿಥಿಗಳೂ ಒಂದಿಬ್ಬರು ಇರಲಿ. ೨೦೦೬ರಲ್ಲಿ ತೆರೆಕಂಡ ‘ಮುಂಗಾರು ಮಳೆ’ ಚಿತ್ರದ ಹಾಡುಗಳನ್ನು ಬಿಟ್ಟು ಮಾಲೆ ಕಟ್ಟಿದರೆ ನಿಮ್ಮ ಮನೆಯ ಮಕ್ಕಳೇ ನಿಮ್ಮನ್ನು ಕ್ಷಮಿಸಲಾರರು. ಆದರೆ ಮನೆ ತುಂಬ ಅತಿಥಿಗಳೇ ಆದರೆ ಅಡಿಗೆ ಮಾಡುವವರು ಯಾರು?

ಇನ್ನು ಎರಡನೆಯ ವಿಚಾರ. ಮಳೆ ಎಂದರೆ ಯಾವ ಮಳೆ? ನಮ್ಮ ಪಂಚಾಂಗದ ಲೆಕ್ಕದಲ್ಲಿ ಮಳೆಗೆ ಒಂದು ಹೆಸರಲ್ಲ. ಅಶ್ವಿನಿ, ಭರಣಿಗಳಿಂದ ತೊಡಗಿ ಸ್ವಾತಿ, ವಿಶಾಖೆಗಳವರೆಗೆ ೧೩-೧೪ ದಿನಗಳಿಗೊಂದು ನಕ್ಷತ್ರ, ಒಂದೊಂದು ನಕ್ಷತ್ರಕ್ಕೆ ಒಂದೊಂದು ಗಾದೆ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಊರಿನಿಂದ ಊರಿಗೂ ಮಳೆ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ವಿಜಯಪುರದ ಸೀಮೆಗೆ ಅದರ ಹತ್ತರಲ್ಲೊಂದು ಪಾಲೂ ದೊರೆಯುವುದಿಲ್ಲ. ಆಗುಂಬೆಯವರಿಗೆ ಮಳೆ ಯಾವಾಗ ಬಿಡುತ್ತದೆಂಬ ಚಿಂತೆ. ವಿಜಯಪುರದವರಿಗೆ ಯಾವಾಗ ಬರುತ್ತದೆಂಬ ಚಿಂತೆ. ಇಬ್ಬರೂ ನಿಮ್ಮ ಗೆಳೆಯರಾಗಿದ್ದರೆ, ಇಬ್ಬರ ಮಳೆಯೂ ನಿಮ್ಮ ಮಾಲೆಯಲ್ಲಿ ಇರಬೇಡವೆ?

ಆದಕಾರಣ ಮಾಲೆಯನ್ನು ಮಳೆ ಬಾರದ ದಿನದಿಂದಲೇ ಆರಂಭಿಸುವುದು ಲೇಸು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ತಡವಾದರೆ ಗುರ್ಚಿಯನ್ನು ಹೊರುವ ಸಂಪ್ರದಾಯವಿದೆ. ರೊಟ್ಟಿ ಬೇಯಿಸುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಿಂದ ಗುರ್ಚಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬ ಹುಡುಗನ ತಲೆಯ ಮೇಲೆ ಇಡುತ್ತಾರೆ. ಹುಡುಗರ ಹಿಂಡು ಹಾಡುತ್ತ ಮನೆಮನೆಗೆ ಹೋಗುತ್ತದೆ. ಮನೆಯಾಕೆ ಒಂದು ತಂಬಿಗೆ ನೀರನ್ನು ಹಂಚಿನ ಮೇಲೆ ಸುರಿಯುತ್ತಾಳೆ. ಹೊತ್ತ ಹುಡುಗ ಗಿರ್ರನೆ ತಿರುಗುತ್ತಾನೆ. ನೀರು ಸುತ್ತಲೂ ಹನಿಹನಿಯಾಗಿ ಚಿಮ್ಮುತ್ತದೆ. ಮಳೆ ಹೀಗೆ ಬರಬೇಕೆಂದು ಮೋಡಕ್ಕೆ ಕಲಿಸಿಕೊಡುವ ಪಾಠ ಅದು. ಕುಡಿಯಲು ನೀರಿಲ್ಲದ ದಿನದಲ್ಲಿ ಒಂದು ತಂಬಿಗೆ ನೀರು ಸುರಿಯುವ ಆ ತಾಯಿಯ ಕೈಯನ್ನು ನೆನೆದುಕೊಂಡರೆ, ಹಾಡಿನ ಬೆಲೆ ತಿಳಿಯುತ್ತದೆ. ಅದರ ರಾಗ ಸರಳ, ಮಾತು ಕೆಲವೇ. ಆದರೂ ಮಾಲೆಯ ಮೊದಲ ಹೂವಾಗಲು ಅದಕ್ಕಿಂತ ತಕ್ಕದ್ದು ನನಗೆ ತೋರಲಿಲ್ಲ.

ಅದರ ಹಿಂದೆಯೇ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸಿದ, ನೀರು ಬೀಳಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟರು, ಕೆರೆ ತುಂಬಿತು. ಈ ಕಥನಗೀತದಲ್ಲಿ ಮಳೆಯ ವರ್ಣನೆಯನ್ನು ಹುಡುಕಬೇಡಿ. ನೀರಿಗಾಗಿ ಮನುಷ್ಯರು ಏನು ಮಾಡಿಯಾರು, ಅದರ ಹೊರೆ ಮನೆಯಲ್ಲಿ ಯಾರ ತಲೆಯ ಮೇಲೆ ಬಿದ್ದೀತು ಎಂಬುದು ಇಲ್ಲಿದೆ. ಇಡೀ ಹಾಡು ದೀರ್ಘವಾಗುತ್ತದೆಂದು ಕೊನೆಯನ್ನು ಕತ್ತರಿಸಬೇಡಿ. ಭಾಗೀರಥಿ ತವರಿಗೆ ಹೋಗಿ ಬರುವ ಭಾಗದಿಂದ ಕೊನೆಯವರೆಗೆ ಇದ್ದರೆ ಸಾಕು.

ಇಷ್ಟಾದ ಮೇಲೆ ಕೇಳುವವರ ಎದೆ ಒಣಗಿರುತ್ತದೆ. ಈಗ ಮೊದಲ ಹನಿ ಬೀಳಲಿ. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದ ದಾರಿಯಲ್ಲಿ ಬರಗಾಲವನ್ನು ಕಂಡು ಅಮೃತವರ್ಷಿಣಿ ರಾಗದಲ್ಲಿ ಹಾಡಿ ಮಳೆ ಕರೆದರೆಂಬ ಐತಿಹ್ಯವುಂಟು. ಷಡ್ಜ, ಗಾಂಧಾರ, ಪ್ರತಿಮಧ್ಯಮ, ಪಂಚಮ, ನಿಷಾದ, ಹೀಗೆ ಐದೇ ಸ್ವರಗಳ ರಾಗವದು. ಐತಿಹ್ಯವನ್ನು ನಂಬುವುದೂ ಬಿಡುವುದೂ ನಿಮ್ಮ ಇಚ್ಛೆ. ಕೆಲವೇ ನಿಮಿಷ ವೀಣೆಯಲ್ಲಿ ಅದನ್ನು ಕೇಳಿಸಿದರೆ ಹವೆ ಬದಲಾದುದಂತೂ ಅನುಭವಕ್ಕೆ ಬರುತ್ತದೆ. ಅಲ್ಲಿಂದ ಮಲ್ಹಾರದ ಕಡೆಗೆ ಹೊರಳಬಹುದು. ನಮ್ಮ ಗದುಗಿನ ನೆಲದಿಂದ ಹೋದ ಭೀಮಸೇನ ಜೋಶಿಯವರ ಕಂಠದಲ್ಲಿ ಮಿಯಾ ಮಲ್ಹಾರ ದೊರೆಯುತ್ತದೆ. ಅವರು ನಿಷಾದಗಳನ್ನು ತೂಗುತ್ತ ಮಂದ್ರದಲ್ಲಿ ಇಳಿಯುವಾಗ, ದೂರದ ಗುಡುಗು ಬೆಟ್ಟದ ಹಿಂದೆ ಉರುಳಿದಂತೆ ತೋರುತ್ತದೆ. ವಿಲಂಬಿತವನ್ನು ಪೂರ್ತಿ ಕೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಚಿಕ್ಕ ಧ್ವನಿಮುದ್ರಿಕೆಯನ್ನೇ ಆರಿಸಿ.

ಮಳೆ ಹಿಡಿದ ಮೇಲೆ ಕವಿಗಳಿಗೆ ಕೊರತೆಯಿಲ್ಲ. ಬೇಂದ್ರೆಯವರು ಶ್ರಾವಣವನ್ನು ಹಾಡಿದಷ್ಟು ಸಡಗರದಿಂದ ಹಾಡಿದವರು ವಿರಳ. ಅವರ ಶ್ರಾವಣಗೀತೆಗೆ ಹಲವು ಗಾಯಕರು ಸ್ವರ ಕೊಟ್ಟಿದ್ದಾರೆ. ಕಾಳಿದಾಸನ ಯಕ್ಷನ ವಿರಹವನ್ನು ಕನ್ನಡದ ಬಾಯಲ್ಲಿ ಕೇಳಬೇಕೆಂದರೆ ಅವರದೇ ‘ಕನ್ನಡ ಮೇಘದೂತ’ವುಂಟು. ಕರಾವಳಿಯ ಮಳೆಗಾಳಿಗೆ ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವುಂಟು; ಅಲ್ಲಿ ಮಾತಿನ ಓಟವೇ ಗಾಳಿಯ ಓಟ. ಮಾಲೆಯೆಂದರೆ ಹಾಡೇ ಆಗಬೇಕೆಂಬ ನಿಯಮವೂ ಇಲ್ಲ. ಮುದ್ದಣನ ‘ರಾಮಾಶ್ವಮೇಧ’ ಆರಂಭವಾಗುವುದೇ ಮಳೆಗಾಲದಲ್ಲಿ, ಮನೋರಮೆಯೊಡನೆ ಸಲ್ಲಾಪದಲ್ಲಿ. ಅದರ ಒಂದು ಭಾಗವನ್ನು ನೀವೇ ಓದಿ ಎರಡು ನಿಮಿಷ ಮುದ್ರಿಸಿಕೊಂಡು, ಎರಡು ಹಾಡುಗಳ ನಡುವೆ ಇಡಿ. ಪರಿಚಿತವಾದ ಒಂದು ಮನುಷ್ಯನ ಮಾತು ನಡುವೆ ಕೇಳಿಬಂದರೆ, ಕಳುಹಿಸಿದವರು ಎದುರಿಗೇ ಕುಳಿತಂತೆ ಆಗುತ್ತದೆ.

ಇನ್ನು ಕೊನೆಯ ಕಡೆಗೆ ಭಾದ್ರಪದದ ಜೋಕುಮಾರ. ಅಂಬಿಗರ ಮನೆಯ ಹೆಂಗಸರು ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಹೊತ್ತು, ಬೇವಿನ ಸೊಪ್ಪಿನ ನಡುವೆ ಕೂರಿಸಿ, ಅವನ ಬಾಯಿಗೆ ಬೆಣ್ಣೆ ಹಚ್ಚಿ, ಹಾಡುತ್ತ ಬರುತ್ತಾರೆ. ಏಳು ದಿನ ಬಾಳಿ ಸಾಯುವ ದೇವರು ಅವನು. ಗಣಪ ಹೋಗಿ ಶಿವನಿಗೆ ಭೂಲೋಕವೆಲ್ಲ ಸುಖವಾಗಿದೆ ಎಂದು ವರದಿ ಒಪ್ಪಿಸಿದರೆ, ಜೋಕುಮಾರ ಹೋಗಿ ಜನರ ಕಷ್ಟವನ್ನು ಇದ್ದುದು ಇದ್ದಂತೆ ತಿಳಿಸುತ್ತಾನೆ. ಆಗ ಮಳೆ ಬರುತ್ತದೆ ಎಂದು ಜನರ ನಂಬಿಕೆ. ಉಂಡವರ ಸುದ್ದಿಯನ್ನಷ್ಟೇ ಒಯ್ಯುವ ದೇವರೂ, ಉಪವಾಸವಿದ್ದವರ ಸುದ್ದಿಯನ್ನು ಒಯ್ಯುವ ದೇವರೂ ನಮ್ಮ ಜನಪದರ ಕಲ್ಪನೆಯಲ್ಲಿ ಬೇರೆಬೇರೆಯಾಗಿರುವುದನ್ನು ಗಮನಿಸಿ.

ಹೂವುಗಳು ಸಿಕ್ಕವು, ಇನ್ನು ಕಟ್ಟುವ ಕೆಲಸ. ಇದರಲ್ಲಿ ನಾಲ್ಕಾರು ಸಣ್ಣ ಎಚ್ಚರಿಕೆಗಳಿವೆ. ಹಳೆಯ ೭೮ರ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಹಿಡಿಯುತ್ತಿತ್ತು. ಆಮೇಲಿನ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ೩೦ ಅಥವಾ ೪೫ ನಿಮಿಷ. ಜಾಗ ಕಡಮೆಯಾದ್ದರಿಂದ ಜನರು ಹಿಂದುಮುಂದು ನೋಡಿ ಆರಿಸುತ್ತಿದ್ದರು. ಈಗಿನ ಯಂತ್ರಕ್ಕೆ ಹೊಟ್ಟೆಯೇ ತುಂಬುವುದಿಲ್ಲ. ಆದ್ದರಿಂದ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಹನ್ನೆರಡು ಹಾಡು, ಒಂದು ಗಂಟೆಯ ಒಳಗೆ: ಒಂದು ಸಂಜೆಯ ಅಡಿಗೆ ಮುಗಿಯುವಷ್ಟು ಹೊತ್ತು. ಎರಡನೆಯದಾಗಿ, ನಿಮಗೆ ಬಹು ಪ್ರಿಯವಾದುದನ್ನು ಮೊದಲಿಗೇ ಇಡಬೇಡಿ. ಕಿವಿ ಇನ್ನೂ ಪಳಗಿರುವುದಿಲ್ಲ. ಮೂರನೆಯದಾಗಿ, ಹಳೆಯ ಮುದ್ರಿಕೆಗಳ ಧ್ವನಿ ಮೆಲ್ಲಗೆ, ಹೊಸತರ ಧ್ವನಿ ಜೋರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೇಳುವವರು ನಡುವೆ ಎದ್ದು ಹೋಗಿ ಧ್ವನಿ ತಗ್ಗಿಸಬೇಕಾಗುತ್ತದೆ. ಶ್ರುತಿಯನ್ನೂ ಗಮನಿಸಿ. ಒಂದು ಹಾಡು ನಿಂತ ಕೂಡಲೇ ಅದಕ್ಕೆ ಹೊಂದದ ಶ್ರುತಿಯಲ್ಲಿ ಇನ್ನೊಂದು ಎದ್ದರೆ, ಹಾಲಿಗೆ ಹುಳಿ ಬಿದ್ದಂತೆ. ನಡುವೆ ವಾದ್ಯವಿಲ್ಲದ ಹೆಂಗಸರ ದನಿ, ಅಥವಾ ಆ ಎರಡು ನಿಮಿಷದ ಓದು ಬಂದರೆ ಈ ದೋಷ ತಾನಾಗಿ ಮರೆಯಾಗುತ್ತದೆ.

ಇವೆಲ್ಲ ಕೈಗೆಲಸದ ಮಾತಾಯಿತು. ಎಲ್ಲಕ್ಕಿಂತ ಕಠಿನವಾದ ಎಚ್ಚರಿಕೆ ಒಂದುಂಟು. ಅದನ್ನು ನನ್ನ ಅನುಭವದಿಂದಲೇ ಹೇಳಬೇಕಾಗಿದೆ.

ಮೇಲೆ ಹೇಳಿದ ಮಾಲೆಯನ್ನು ನಾನು ಸಿದ್ಧಪಡಿಸಿದ್ದು ನಮ್ಮ ಬಳಗದ ಹದಿನಾಲ್ಕು ಮಂದಿಗಾಗಿ. ಅವರಲ್ಲಿ ಒಬ್ಬರು ಕೊಡಗಿನವರು, ಬಹಳ ವರ್ಷ ನನ್ನ ಜೊತೆಯಲ್ಲೇ ವಿಜ್ಞಾನ ಪಾಠ ಹೇಳಿದವರು. ನಿವೃತ್ತರಾಗಿ ಊರಿಗೆ ಮರಳಿದ್ದರು. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜರಿದಾಗ ಅವರ ಮನೆಯೂ ಹೋಯಿತು, ತೋಟವೂ ಹೋಯಿತು. ಮನೆಮಂದಿ ಜೀವಸಹಿತ ಪಾರಾದರು. ಅಂಥವರಿಗೆ ಮಳೆಯ ಹಾಡುಗಳನ್ನು ಕಳುಹಿಸುವುದೆ? ಅವರೊಬ್ಬರನ್ನು ಬಿಟ್ಟು ಉಳಿದವರಿಗೆ ಕಳುಹಿಸಿಬಿಡಿ ಎಂದು ಬಳಗದವರೊಬ್ಬರು ಸಲಹೆಯಿತ್ತರು. ಅದು ದಯೆಯಿಂದ ಬಂದ ಮಾತು. ಆದರೆ ಊರಿಗೆಲ್ಲ ಕರೆಯೋಲೆ ಹೋಗಿ ಒಂದು ಮನೆಗೆ ಮಾತ್ರ ಹೋಗದಿದ್ದರೆ, ಆ ಮನೆಯವರಿಗೆ ಹೇಗಾದೀತು? ಅವರನ್ನೇ ಕೇಳುವುದು ಸರಿಯೆಂದು ತೋರಿ ಟೆಲಿಫೋನ್ ಮಾಡಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕಳಿಸಿ ಪಂಡಿತರೇ. ಮಳೆಯ ಮೇಲೆ ನನಗೇನು ಸಿಟ್ಟಿಲ್ಲ. ಕಾಫಿ ಹೂವಾಗಬೇಕಾದರೆ ಅದೇ ಬರಬೇಕು. ಆದರೆ ಕೆಲವು ಹಾಡುಗಳ ಮೊದಲಲ್ಲಿ ನಿಜವಾದ ಮಳೆಯ ಸದ್ದನ್ನೇ ಹಾಕಿರುತ್ತಾರೆ ನೋಡಿ, ಗುಡುಗು, ನೀರು ಹರಿಯುವುದು, ಅದು ಬೇಡ. ರಾತ್ರಿ ಅದನ್ನು ಕೇಳಿದರೆ ಎದ್ದು ಕೂತುಬಿಡುತ್ತೇನೆ.”

ನಾನು ಮಾಲೆಯನ್ನು ಮತ್ತೊಮ್ಮೆ ಕೇಳಿದೆ, ಈ ಸಲ ಅವರ ಕಿವಿಯಿಂದ. ಗುಡುಗಿನ ಸದ್ದನ್ನು ಸೇರಿಸಿದ ಎರಡು ಮುದ್ರಿಕೆಗಳನ್ನು ತೆಗೆದು, ಅವೇ ಹಾಡುಗಳನ್ನು ತಂಬೂರಿ, ತಬಲಗಳಷ್ಟರಲ್ಲೇ ಹಾಡಿದವರನ್ನು ಹುಡುಕಿದೆ. ಅವು ಮೊದಲಿನವಕ್ಕಿಂತ ಸೊಗಸಾಗಿಯೇ ಇದ್ದವು. ಭೀಮಸೇನರ ಮಂದ್ರದ ಗುಡುಗನ್ನು ಹಾಗೆಯೇ ಇಟ್ಟೆ. ಅದು ಮನುಷ್ಯನ ಕಂಠದ್ದು, ಅದರಿಂದ ಯಾವ ಗುಡ್ಡವೂ ಜರಿಯುವುದಿಲ್ಲ. ಪಂಜೆಯವರ ಗಾಳಿಯ ಹಾಡನ್ನು ಮಾತ್ರ ತೆಗೆದು ಆ ಜಾಗವನ್ನು ಖಾಲಿ ಬಿಟ್ಟೆ. ಅವರೊಬ್ಬರ ಪ್ರತಿಯಲ್ಲಿ ಅಲ್ಲ, ಎಲ್ಲರ ಪ್ರತಿಯಲ್ಲೂ. ಹನ್ನೊಂದೇ ಹಾಡು ಹೋದವು. ಹನ್ನೆರಡನೆಯದನ್ನು ನೀವು ಯಾರಾದರೂ ಕಳುಹಿಸಿ ಎಂದು ಕೆಳಗೆ ಬರೆದೆ.

ವಾರದ ಮೇಲೆ ಆ ಗೆಳೆಯರಿಂದಲೇ ಬಂದಿತು. ಅದೂ ಪಂಜೆಯವರದೇ: ಕೊಡಗನ್ನು ಕೊಂಡಾಡುವ ‘ಹುತ್ತರಿ ಹಾಡು’. ಅವರ ಮೊಮ್ಮಕ್ಕಳು ಹಾಡಿದ್ದಾರೆ. ಹಿಂದೆ ಯಾರೋ ದುಡಿ ಬಡಿಯುತ್ತಿದ್ದಾರೆ. ಹುತ್ತರಿಯೆಂದರೆ ಮಳೆಯೆಲ್ಲ ಮುಗಿದು ಹೊಸ ಬತ್ತ ಮನೆಗೆ ಬರುವ ಹಬ್ಬ. ಮಾಲೆಗೆ ಕೊನೆ ಯಾವುದೆಂದು ನಾನು ಅಷ್ಟು ದಿನ ಹುಡುಕಿದ್ದೆನಷ್ಟೆ. ಅದನ್ನು ಅವರು ಕಟ್ಟಿಕೊಟ್ಟರು.

ಇದರಿಂದ ನಿಮಗೆ ಹೇಳಬೇಕಾದುದು ಇಷ್ಟು. ಹಾಡನ್ನು ಆರಿಸುವಾಗ ಒಮ್ಮೆ ನಿಮ್ಮ ಕಿವಿಯಿಂದ ಕೇಳಿ. ಕಳುಹಿಸುವ ಮೊದಲು ಇನ್ನೊಮ್ಮೆ ಕೇಳುವವರ ಕಿವಿಯಿಂದ ಕೇಳಿ. ತಾಯಿಯನ್ನು ಕಳೆದುಕೊಂಡವರಿಗೆ ತಾಯಿಯ ಹಾಡು, ದೂರದ ಊರಿನಲ್ಲಿ ಒಂಟಿಯಾಗಿರುವವರಿಗೆ ಹಬ್ಬದ ಹಾಡು, ಇವುಗಳನ್ನು ಕಳುಹಿಸಬಾರದೆಂದಲ್ಲ. ಅನೇಕ ವೇಳೆ ಅಂಥವರಿಗೇ ಅವು ಹೆಚ್ಚು ಬೇಕಾಗಿರುತ್ತವೆ. ಆದರೆ ಯಾವ ದನಿಯಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಅವರಿಂದಲೇ ತಿಳಿದುಕೊಳ್ಳಬೇಕು. ಕೇಳಿದರೆ ಹೇಳುತ್ತಾರೆ.

ಕೊನೆಯದಾಗಿ ಒಂದು ವಿನಂತಿ. ಮಾಲೆಯ ಜೊತೆಯಲ್ಲಿ ಒಂದು ಚೀಟಿಯೂ ಹೋಗಲಿ: ಬರೆದವರು ಯಾರು, ಸ್ವರ ಹಾಕಿದವರು ಯಾರು, ಹಾಡಿದವರು ಯಾರು, ಜನಪದ ಹಾಡಾದರೆ ಯಾವ ಊರಿನದು. ಹಳೆಯ ಸಂಕಲನಗಳಲ್ಲಿ ಯಾವ ಪದ್ಯ ಯಾರದೆಂದು ಗುರುತಿಸಲು ನಮ್ಮ ವಿದ್ವಾಂಸರು ಎಷ್ಟು ಕಣ್ಣು ನೋಯಿಸಿಕೊಂಡಿದ್ದಾರೆಂಬುದನ್ನು ಬಲ್ಲವರು, ಈ ಚೀಟಿಯನ್ನು ಉಪೇಕ್ಷಿಸಲಾರರು. ನಿಮ್ಮ ಮನೆಯ ಅಜ್ಜಿಗೋ ನೆರೆಮನೆಯ ಹಿರಿಯಾಕೆಗೋ ಗುರ್ಚಿಯ ಹಾಡು, ಜೋಕುಮಾರನ ಹಾಡು, ಬೀಸುವ ಕಲ್ಲಿನ ಪದ ಬರುತ್ತಿದ್ದರೆ, ಅವರ ಒಪ್ಪಿಗೆ ಪಡೆದು, ಫ್ಯಾನು ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ನಿಧಾನವಾಗಿ ಮುದ್ರಿಸಿಕೊಳ್ಳಿ. ನಡುವೆ ಅವರು ಮರೆತು ನಿಂತರೆ ನಿಲ್ಲಲಿ, ನೆನಪಾಗುವವರೆಗೆ ಕಾಯಿರಿ. ಸಿನಿಮಾದ ಹಾಡು ನಾಳೆಯೂ ಸಿಕ್ಕುತ್ತದೆ. ಈ ಹಾಡು ನಾಳೆ ಸಿಗುತ್ತದೆಂದು ಹೇಳುವಂತಿಲ್ಲ.

ಮೃಗಶಿರೆ ಮಳೆ ಹುಟ್ಟುವುದು ಜೂನ್ ಮೊದಲ ವಾರದ ಕೊನೆಗೆ. ಅಷ್ಟರೊಳಗೆ ನಿಮ್ಮ ಮಾಲೆ ಸಿದ್ಧವಾಗಲಿ. ಹನ್ನೊಂದು ಹಾಡುಗಳನ್ನು ನೀವು ಆರಿಸಿ; ಹನ್ನೆರಡನೆಯದರ ಜಾಗವನ್ನು ಗೆಳೆಯರಿಗೆ ಬಿಡಿ.